ಎಡ ಮಂಡಿಗೊಂದು, ಬಲ ಮಂಡಿಗೊಂದು: ಸ್ಟೆಮ್ ಸೆಲ್ ಇಂಜೆಕ್ಷನ್ನೋ, ಬೇರೆ ದಾರಿಯೋ?

ಅಮ್ಮನಿಗೆ ಈಗ ಅರವತ್ತೇಳು. ಐದಾರು ವರ್ಷದಿಂದ ಮಂಡಿ ನೋವು. ಮೊದಲು ಬಾಗಿಲ ಮುಂದೆ ರಂಗೋಲಿ ಹಾಕುವುದು ನಿಂತಿತು. ಆಮೇಲೆ ಮದುವೆ ಮನೆಯ ಪಂಕ್ತಿಯಲ್ಲಿ ನೆಲದ ಮೇಲೆ ಕೂರುವುದು ನಿಂತಿತು. ಕಡೆಗೆ ಎರಡನೇ ಮಹಡಿಯಲ್ಲಿರುವ ಚಿಕ್ಕಮ್ಮನ ಮನೆಗೆ ಹೋಗುವುದೂ ನಿಂತಿತು. ಅಷ್ಟರಲ್ಲಿ ನೆಂಟರೊಬ್ಬರು ವಾಟ್ಸಾಪಿನಲ್ಲಿ ಒಂದು ವಿಡಿಯೊ ಕಳಿಸಿದರು. ಆಪರೇಷನ್ ಬೇಡವೇ ಬೇಡ, ಸ್ಟೆಮ್ ಸೆಲ್ ಹಾಕಿಸಿ, ಸವೆದ ಮಂಡಿ ಮತ್ತೆ ಬೆಳೆಯುತ್ತೆ ಅಂತ. ನೋಡಿಯೇ ಬಿಡೋಣ ಎಂದು ಅಮ್ಮನನ್ನು ಕರೆದುಕೊಂಡು ಒಂದು ಕ್ಲಿನಿಕ್ಕಿಗೆ ಹೋದೆ.

ಅಲ್ಲಿ ಗೋಡೆಯ ಮೇಲೆ ಎರಡು ಎಕ್ಸ್‌ರೇ ಪಕ್ಕಪಕ್ಕ ಹಾಕಿದ್ದರು. ಚಿಕಿತ್ಸೆಗೆ ಮೊದಲಿನದರಲ್ಲಿ ಮೇಲಿನ ಮೂಳೆ ಕೆಳಗಿನ ಮೂಳೆಗೆ ತಾಗಿಕೊಂಡಿತ್ತು. ನಂತರದ್ದರಲ್ಲಿ ನಡುವೆ ಚೆನ್ನಾಗಿ ಜಾಗ ಕಾಣುತ್ತಿತ್ತು. ಅಮ್ಮನ ಕಣ್ಣು ಅದರ ಮೇಲೇ ಇತ್ತು. ಎರಡೂ ಮಂಡಿಗೆ ಸೇರಿ ಎರಡೂವರೆ ಲಕ್ಷದ ಪ್ಯಾಕೇಜ್, ತಿಂಗಳೊಳಗೆ ಬುಕ್ ಮಾಡಿದರೆ ಮೂವತ್ತು ಸಾವಿರ ಕಡಿಮೆ ಎಂದರು. ನಾನು ಫೋನಿನಲ್ಲಿ ಆ ಎಕ್ಸ್‌ರೇಗಳ ಫೋಟೊ ತೆಗೆದುಕೊಂಡೆ, ಅಷ್ಟೇ.

ಮರುವಾರ ಪರಿಚಯದ ಮೂಳೆ ಡಾಕ್ಟರಿಗೆ ಆ ಫೋಟೊ ತೋರಿಸಿದಾಗ ಅವರು ನಕ್ಕರು. ಮೊದಲ ಚಿತ್ರದ ಮೂಲೆಯಲ್ಲಿ ಸಣ್ಣದಾಗಿ ‘ಸ್ಟ್ಯಾಂಡಿಂಗ್’ ಎಂದು ಬರೆದಿತ್ತು. ಎರಡನೆಯದರಲ್ಲಿ ಆ ಗುರುತಿರಲಿಲ್ಲ. ನಿಂತಾಗ ಮೈಭಾರ ಬಿದ್ದು ಮೂಳೆಗಳ ನಡುವಿನ ಜಾಗ ಕಿರಿದಾಗುತ್ತದೆ. ಮಲಗಿಸಿ ತೆಗೆದರೆ ಅದೇ ಮಂಡಿಯಲ್ಲಿ ಜಾಗ ಜಾಸ್ತಿ ಕಾಣುತ್ತದೆ. ಒಂದೇ ಮಂಡಿಯನ್ನು ಹತ್ತು ನಿಮಿಷದ ಅಂತರದಲ್ಲಿ ಹೀಗೆ ಎರಡು ಥರ ತೆಗೆದು ‘ಮೊದಲು’, ‘ನಂತರ’ ಎಂದು ಹಾಕಬಹುದು. ಆ ಕ್ಲಿನಿಕ್ಕಿನವರು ಹಾಗೆ ಮಾಡಿದರೋ ಇಲ್ಲವೋ, ಆ ಗೋಡೆಯನ್ನು ನಂಬಿ ದುಡ್ಡು ಕೊಡುವಂತಿರಲಿಲ್ಲ.

ಆ ಮೂಳೆ ಡಾಕ್ಟರು ಅಮ್ಮನನ್ನು ನಿಲ್ಲಿಸಿಯೇ ಹೊಸ ಎಕ್ಸ್‌ರೇ ತೆಗೆಸಿದರು. ಬಲ ಮಂಡಿ ಗ್ರೇಡ್ ನಾಲ್ಕು. ಎಡ ಮಂಡಿ ಎರಡು ದಾಟಿ ಮೂರರ ಹತ್ತಿರ. ಪ್ಯಾಕೇಜ್ ಒಂದೇ, ಮಂಡಿಗಳು ಮಾತ್ರ ಎರಡು ಬೇರೆ ಬೇರೆ ಹಂತದಲ್ಲಿದ್ದವು. ಆ ಮೇಲೆ ನಾನು ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ನಿಮ್ಮ ಮಂಡಿ ನೋಡಿ ಹೇಳಬೇಕಾದವರು ಬೇರೆ. ಆದರೆ ಅವರ ಮುಂದೆ ಕೂತಾಗ ಏನು ಕೇಳಬೇಕು ಎಂಬುದಕ್ಕೆ ಇದು ಸಾಕು.

ಗ್ರೇಡ್ ಅಂದರೆ

ಮೂಳೆಯ ತುದಿಗೆ ಕಾರ್ಟಿಲೇಜ್ ಅನ್ನುವ ಒಂದು ಪದರ ಇರುತ್ತದೆ. ಸ್ವಲ್ಪ ಬಲಿತ ಎಳನೀರಿನ ಗಂಜಿಯ ಹಾಗೆ ಬೆಳ್ಳಗೆ, ನುಣ್ಣಗೆ. ಎಕ್ಸ್‌ರೇಯಲ್ಲಿ ಅದು ಕಾಣುವುದಿಲ್ಲ, ಮೂಳೆಗಳ ನಡುವಿನ ಖಾಲಿ ಜಾಗವಾಗಿ ಮಾತ್ರ ತೋರುತ್ತದೆ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ಇಬ್ಬರು ವೈದ್ಯರು 1957ರಲ್ಲಿ ಆ ಜಾಗ ಮತ್ತು ಮೂಳೆ ಅಂಚಿನ ಮುಳ್ಳುಗಳನ್ನು ನೋಡಿ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಪದ್ಧತಿ ಮಾಡಿದರು. ಇವತ್ತಿಗೂ ಅದೇ ನಡೆಯುತ್ತಿದೆ. ಎರಡರಲ್ಲಿ ಮುಳ್ಳು ಕಾಣುತ್ತವೆ, ಜಾಗ ಕಿರಿದಾಗಲು ಶುರುವಾಗಿರಬಹುದು. ಮೂರರಲ್ಲಿ ಕಿರಿದಾಗಿರುವುದು ಖಚಿತ. ನಾಲ್ಕರಲ್ಲಿ ಮೂಳೆಗೆ ಮೂಳೆ ತಾಗುವಷ್ಟು.

ಮುಂದೆ ಬರುವ ಯಾವ ಆಯ್ಕೆಗೂ ಈ ಅಂಕ ಮುಖ್ಯ. ಅದನ್ನು ಕೇಳದೆ, ನಿಲ್ಲಿಸಿ ಎಕ್ಸ್‌ರೇ ತೆಗೆಸದೆ ಪ್ಯಾಕೇಜ್ ಹೇಳುವವರ ಹತ್ತಿರ ಮಾತು ಮುಂದುವರಿಸಬೇಡಿ.

ಸಿರಿಂಜಿನೊಳಗೆ ಏನಿದೆ?

ಬೇರೆ ಬೇರೆ ಥರದ ಸೆಲ್ ಆಗಿ ಬೆಳೆಯಬಲ್ಲ ಮೂಲ ಸೆಲ್ಲೇ ಸ್ಟೆಮ್ ಸೆಲ್. ಪತ್ರಿಕೆಗಳಲ್ಲಿ ಅದನ್ನು ಕಾಂಡಕೋಶ, ಆಕರಕೋಶ ಎಂದೆಲ್ಲ ಬರೆಯುತ್ತಾರೆ. ಮಂಡಿಗೆ ಹಾಕುವ ಜಾತಿಯ ಹೆಸರು ಮೀಸೆಂಕೈಮಲ್ ಸ್ಟೆಮ್ ಸೆಲ್. ಸೋವಿಯತ್ ವಿಜ್ಞಾನಿ ಅಲೆಕ್ಸಾಂಡರ್ ಫ್ರೀಡೆನ್‌ಸ್ಟೈನ್ 1960ರ ದಶಕದಲ್ಲಿ ಮೂಳೆಯ ಮಜ್ಜೆಯೊಳಗೆ, ಹೊಸ ಮೂಳೆ ಮಾಡಬಲ್ಲ ಕೆಲವು ಸೆಲ್‌ಗಳಿವೆ ಎಂದು ತೋರಿಸಿದರು. 1991ರಲ್ಲಿ ಅಮೆರಿಕದ ಆರ್ನಾಲ್ಡ್ ಕ್ಯಾಪ್ಲಾನ್ ಅವಕ್ಕೆ ಈ ಹೆಸರು ಕೊಟ್ಟರು. ಲ್ಯಾಬಿನ ತಟ್ಟೆಯಲ್ಲಿ ಇವು ಮೂಳೆ, ಕಾರ್ಟಿಲೇಜ್, ಕೊಬ್ಬು ಮೂರೂ ಆಗಬಲ್ಲವು. ಹಾಗಾದರೆ ಸವೆದ ಕಡೆ ಹಾಕಿದರೆ ಕಾರ್ಟಿಲೇಜ್ ಬೆಳೆಯುತ್ತೆ ಅಲ್ವಾ ಅನ್ನುವ ಆಸೆ ಹುಟ್ಟಿದ್ದು ಅಲ್ಲಿಂದ.

ಮೈಯೊಳಗೆ ಹಾಗೆ ನಡೆಯಲಿಲ್ಲ. ಚುಚ್ಚಿದ ಸೆಲ್‌ಗಳಲ್ಲಿ ಬಹುಪಾಲು ಕೆಲವು ದಿನ, ಕೆಲವು ವಾರದಲ್ಲಿ ಕಾಣೆಯಾಗುತ್ತವೆ. ಇದ್ದಷ್ಟು ಹೊತ್ತು ಸುತ್ತಲಿನ ಉರಿಯೂತ ತಗ್ಗಿಸುವ, ಗಾಯ ಮಾಯಿಸಲು ಸಹಾಯ ಮಾಡುವ ರಾಸಾಯನಿಕಗಳನ್ನು ಸುರಿಸುತ್ತವೆ. ಇದನ್ನೆಲ್ಲ ನೋಡಿದ ಕ್ಯಾಪ್ಲಾನ್ ಅವರೇ 2017ರಲ್ಲಿ, ಇವನ್ನು ಸ್ಟೆಮ್ ಸೆಲ್ ಎನ್ನುವುದು ಬಿಡಿ, ಹೆಸರು ಬದಲಾಯಿಸಿ ಎಂದು ಬರೆದರು. ಜನ ಇದನ್ನು ಬೀಜ ಎಂದುಕೊಂಡು ಮೋಸ ಹೋಗುತ್ತಿದ್ದಾರೆ ಅನ್ನುವುದು ಅವರ ಕೊರಗು. ಹೆಸರಿಟ್ಟವರೇ ಹೀಗೆಂದರೂ ವಾಟ್ಸಾಪ್ ವಿಡಿಯೊದವರಿಗೆ ಸುದ್ದಿ ಮುಟ್ಟಿಲ್ಲ.

ಆದ್ದರಿಂದ ಮೊದಲ ತಿದ್ದುಪಡಿ ಇಷ್ಟು. ಇವತ್ತು ಸಿಗುವ ಸ್ಟೆಮ್ ಸೆಲ್ ಇಂಜೆಕ್ಷನ್ ಅನ್ನು ನೋವು ಇಳಿಸುವ, ಹೆಚ್ಚೆಂದರೆ ಸವೆತ ನಿಧಾನ ಮಾಡಬಹುದಾದ ಇಂಜೆಕ್ಷನ್ ಎಂದು ನೋಡಿ. ಅದನ್ನು ಹೋಲಿಸಬೇಕಾದ್ದು ಬೇರೆ ನೋವಿನ ಇಂಜೆಕ್ಷನ್‌ಗಳ ಜೊತೆ, ವ್ಯಾಯಾಮದ ಜೊತೆ.

ಎರಡನೆಯದು, ಸ್ಟೆಮ್ ಸೆಲ್ ಎಂಬ ಒಂದೇ ಬೋರ್ಡಿನ ಕೆಳಗೆ ಏನೇನೋ ಮಾರುತ್ತಾರೆ. ನಾವು ಹೋದ ಕ್ಲಿನಿಕ್ಕಿನಲ್ಲಿ ಸೆಲ್ ಎಲ್ಲಿಂದ ತರ್ತೀರಿ ಅಂತ ಕೇಳಿದೆ. ‘ನಿಮ್ಮ ತಾಯಿಯವರದ್ದೇ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಮೆಷಿನ್ನಿನಲ್ಲಿ ತಿರುಗಿಸಿ, ಅವತ್ತೇ ಹಾಕಿ ಕಳಿಸ್ತೀವಿ’ ಎಂದರು. ಅದನ್ನು ಬೋನ್ ಮ್ಯಾರೋ ಕಾನ್ಸಂಟ್ರೇಟ್ ಎನ್ನುತ್ತಾರೆ. ಮಜ್ಜೆಯಲ್ಲಿರುವ ಸೆಲ್‌ಗಳಲ್ಲಿ ಈ ಮೀಸೆಂಕೈಮಲ್ ಜಾತಿಯವು ಲಕ್ಷಕ್ಕೆ ಒಂದರಿಂದ ಹತ್ತು ಅಷ್ಟೇ. ತಿರುಗಿಸಿ ಗಟ್ಟಿ ಮಾಡಿದರೂ ಬಹಳೇನೂ ಸಿಗುವುದಿಲ್ಲ. ಕೋಟಿ ಲೆಕ್ಕದಲ್ಲಿ ಬೇಕಾದರೆ ಹೊರಗೆ ತೆಗೆದು, ಲ್ಯಾಬಿನಲ್ಲಿ ವಾರಗಟ್ಟಲೆ ಬೆಳೆಸಬೇಕು. ಹೆಪ್ಪು ಹಾಕಿದ ಹಾಲು ಮೊಸರಾಗುವುದಕ್ಕೂ ಒಂದು ರಾತ್ರಿ ಬೇಕು. ‘ಅವತ್ತೇ’ ಅನ್ನುವ ಮಾತು ಬಂದರೆ ಅದು ಬೆಳೆಸಿದ ಸೆಲ್ ಅಲ್ಲ ಎಂದು ತಿಳಿಯಿರಿ.

ಇನ್ನು ಹೊಟ್ಟೆಯ ಕೊಬ್ಬನ್ನು ಹೀರಿ ಅದರಿಂದ ಬೇರ್ಪಡಿಸುವುದೊಂದಿದೆ. ಅದೂ ಕಲಬೆರಕೆ, ಅದರಲ್ಲಿ ಹತ್ತಾರು ಜಾತಿಯ ಸೆಲ್ ಇರುತ್ತವೆ. ಪಿಆರ್‌ಪಿ ಎಂದು ಇನ್ನೊಂದಿದೆ. ಅದು ನಮ್ಮದೇ ರಕ್ತದ ಪ್ಲೇಟ್‌ಲೆಟ್, ಸ್ಟೆಮ್ ಸೆಲ್ಲಿಗೂ ಅದಕ್ಕೂ ಸಂಬಂಧವೇ ಇಲ್ಲ. ಈಚೆಗೆ ಎಕ್ಸೋಸೋಮ್ ಎಂಬ ಹೆಸರೂ ಕೇಳಿಬರುತ್ತಿದೆ. ಸೆಲ್‌ಗಳು ಹೊರಗೆ ಬಿಡುವ ಅತಿ ಸಣ್ಣ ಗುಳ್ಳೆಗಳು ಅವು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಯಾವ ಎಕ್ಸೋಸೋಮ್ ಔಷಧಿಗೂ ಒಪ್ಪಿಗೆ ಕೊಟ್ಟಿಲ್ಲ. ಅದನ್ನು ಈ ಹೋಲಿಕೆಗೇ ತರುವುದಿಲ್ಲ, ಬಿಡಿ.

ಕಡೆಯದು ಬೇರೆಯವರ ಸೆಲ್. ಆರೋಗ್ಯವಂತ ದಾನಿಗಳ ಮಜ್ಜೆಯಿಂದಲೋ, ಹೆರಿಗೆಯ ನಂತರ ಸಿಗುವ ಹೊಕ್ಕುಳಬಳ್ಳಿಯಿಂದಲೋ ತೆಗೆದು, ಕಾರ್ಖಾನೆಯಲ್ಲಿ ಬೆಳೆಸಿ, ಎಣಿಸಿ, ಪರೀಕ್ಷಿಸಿ, ದ್ರವ ನೈಟ್ರೋಜನ್ನಿನ ತಣ್ಣನೆಯಲ್ಲಿ ಹೆಪ್ಪುಗಟ್ಟಿಸಿ ಇಡುತ್ತಾರೆ. ಬೇರೆಯವರದು ನಮ್ಮ ಮೈಗೆ ಒಗ್ಗುತ್ತದಾ ಎಂದು ಅಮ್ಮ ಕೇಳಿದ್ದರು. ಈ ಜಾತಿಯ ಸೆಲ್‌ಗಳನ್ನು ನಮ್ಮ ರೋಗನಿರೋಧಕ ಶಕ್ತಿ ಅಷ್ಟು ಬೇಗ ಪರಕೀಯ ಎಂದು ಗುರುತಿಸುವುದಿಲ್ಲ. ಕಿಡ್ನಿ ಕಸಿಯ ಹಾಗೆ ಗುಂಪು ಹೊಂದಿಸುವ ಅಗತ್ಯ ಇಲ್ಲ. ಕಂಪನಿಗಳು ಇದನ್ನು ಬಾಟಲಿಯಲ್ಲಿ ಔಷಧಿಯಂತೆ ಮಾರಲು ಸಾಧ್ಯವಾಗಿರುವುದೇ ಅದರಿಂದ.

ಬೆಂಗಳೂರಿನ ಬಾಟಲಿ, ಅಮೆರಿಕದ ಪರೀಕ್ಷೆ

ಹೀಗೆ ಬಾಟಲಿಗೆ ಬಂದದ್ದರಲ್ಲಿ ಒಂದು ನಮ್ಮ ಬೆಂಗಳೂರಿನದೇ. ಮಣಿಪಾಲ್ ಸಮೂಹದ ಸ್ಟೆಂಪ್ಯೂಟಿಕ್ಸ್ ಕಂಪನಿಯ ಸ್ಟೆಂಪ್ಯೂಸೆಲ್. ಹಲವು ದಾನಿಗಳ ಮಜ್ಜೆಯ ಸೆಲ್‌ಗಳನ್ನು ಒಟ್ಟು ಸೇರಿಸಿ ಬೆಳೆಸಿದ್ದು. ಮಂಡಿ ಸವೆತಕ್ಕೆ ಇದಕ್ಕೆ ಭಾರತದ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿ, 2022ರಲ್ಲಿ ಆಲ್ಕೆಮ್ ಕಂಪನಿ ಸ್ಟೆಮ್‌ಒನ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು.

ಅದರ ಮೂರನೇ ಹಂತದ ಪರೀಕ್ಷೆಯಲ್ಲಿ 146 ಜನ ಇದ್ದರು. ಎಲ್ಲರದ್ದೂ ಗ್ರೇಡ್ ಎರಡು ಅಥವಾ ಮೂರು. ಅರ್ಧ ಜನರ ಮಂಡಿಗೆ ಒಂದೇ ಒಂದು ಸಲ ಎರಡೂವರೆ ಕೋಟಿ ಸೆಲ್, ಅದರ ಬೆನ್ನಿಗೆ ಹೈಯಲುರಾನಿಕ್ ಆಸಿಡ್ ಎಂಬ ಜೆಲ್. ಉಳಿದ ಅರ್ಧಕ್ಕೆ ಸೆಲ್ ಇಲ್ಲದ ದ್ರವ, ಅದೇ ಜೆಲ್. ಆರು ತಿಂಗಳಿಗೂ ವರ್ಷಕ್ಕೂ ನೋವು, ಬಿಗಿತ, ಓಡಾಟ ಸೇರಿಸಿ ಅಳೆದಾಗ ಸೆಲ್ ಹಾಕಿಸಿಕೊಂಡವರು ಮುಂದಿದ್ದರು. ಎಂಆರ್‌ಐಯಲ್ಲಿ ಅವರ ಕಾರ್ಟಿಲೇಜಿನ ಒಳಪದರ ಕೆಡಲಿಲ್ಲ, ಇನ್ನೊಂದು ಗುಂಪಿನವರದು ನಿಧಾನವಾಗಿ ಕೆಟ್ಟಿತು. ಅಡ್ಡಪರಿಣಾಮ ಎಂದರೆ ಚುಚ್ಚಿದ ಕಡೆ ಊತ, ನೋವು. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಓದಿ. ಸೆಲ್ ಹಾಕಿದ ಗುಂಪಿನಲ್ಲೂ ಕಾರ್ಟಿಲೇಜಿನ ಗಾತ್ರ ಹೇಳಿಕೊಳ್ಳುವಂತೆ ಬದಲಾಗಲಿಲ್ಲ. ಇದ್ದದ್ದು ಉಳಿಯಿತು ಅನ್ನಬಹುದು, ಹೊಸದು ಬೆಳೆಯಿತು ಅನ್ನುವಂತಿಲ್ಲ. ಪರೀಕ್ಷೆ ನಡೆಸಿದ್ದು ಕಂಪನಿಯೇ ಎಂಬುದೂ ನೆನಪಿರಲಿ. ಔಷಧಿಗಳ ಲೋಕದಲ್ಲಿ ಅದು ಮಾಮೂಲು, ಆದರೂ.

ಅಮೆರಿಕದಲ್ಲಿ ಇದಕ್ಕಿಂತ ದೊಡ್ಡದೊಂದು ಪರೀಕ್ಷೆ ನಡೆಯಿತು. ಹೆಸರು ಮೈಲ್ಸ್, ಫಲಿತಾಂಶ 2023ರಲ್ಲಿ ಬಂತು. 475 ಜನರ ಲೆಕ್ಕ. ಒಂದು ಗುಂಪಿಗೆ ಸ್ವಂತ ಮಜ್ಜೆಯ ಕಾನ್ಸಂಟ್ರೇಟ್, ಒಂದಕ್ಕೆ ಸ್ವಂತ ಕೊಬ್ಬಿನಿಂದ ತೆಗೆದದ್ದು, ಇನ್ನೊಂದಕ್ಕೆ ಬೇರೆಯವರ ಹೊಕ್ಕುಳಬಳ್ಳಿಯಿಂದ ಬೆಳೆಸಿದ ಸೆಲ್. ನಾಲ್ಕನೇ ಗುಂಪಿಗೆ ಸಾಧಾರಣ ಸ್ಟೀರಾಯ್ಡ್ ಇಂಜೆಕ್ಷನ್. ಒಂದು ವರ್ಷದ ನಂತರ ನಾಲ್ಕೂ ಗುಂಪಿನಲ್ಲಿ ನೋವು ಕಡಿಮೆಯಾಗಿತ್ತು. ಸ್ಟೀರಾಯ್ಡಿಗಿಂತ ಮೇಲು ಎಂದು ಮೂರರಲ್ಲಿ ಒಂದೂ ತೋರಿಸಲಿಲ್ಲ. ಎಂಆರ್‌ಐಯಲ್ಲೂ ವ್ಯತ್ಯಾಸ ಇಲ್ಲ.

ಹಾಗಾದರೆ ಯಾರನ್ನು ನಂಬುವುದು? ಇದರ ಮೇಲೆ ನಾನು ಒಂದಿಡೀ ಭಾನುವಾರ ಕೂತಿದ್ದೆ. ಎರಡೂ ಪರೀಕ್ಷೆ ಬೇರೆ ಬೇರೆ ಪ್ರಶ್ನೆ ಕೇಳಿವೆ. ಬೆಂಗಳೂರಿನದು ಜೆಲ್ಲಿಗೆ ಸೆಲ್ ಸೇರಿಸಿದರೆ ಉಪಯೋಗ ಇದೆಯಾ ಎಂದು ಕೇಳಿತು. ಅಮೆರಿಕದ್ದು ಸ್ಟೀರಾಯ್ಡಿಗಿಂತ ಉತ್ತಮವಾ ಎಂದು ಕೇಳಿತು. ಸೆಲ್‌ಗಳೂ ಬೇರೆ. ಮೈಲ್ಸಿನಲ್ಲಿ ಸ್ಟೆಂಪ್ಯೂಸೆಲ್ ಇರಲಿಲ್ಲ. ಆದರೆ ನಾವು ಹೋದ ಕ್ಲಿನಿಕ್ಕು ಮಾರುತ್ತಿದ್ದದ್ದು, ಅಂದರೆ ಅವತ್ತೇ ತೆಗೆದು ಅವತ್ತೇ ಹಾಕುವ ಮಜ್ಜೆ, ಮೈಲ್ಸಿನಲ್ಲಿ ಇತ್ತು. ಅದು ಸ್ಟೀರಾಯ್ಡನ್ನು ಸೋಲಿಸಲಿಲ್ಲ. ನನ್ನ ತೀರ್ಮಾನ ಸರಳ. ಲಕ್ಷಗಟ್ಟಲೆ ಕೊಟ್ಟು ಮಜ್ಜೆ, ಕೊಬ್ಬು ತಿರುಗಿಸಿ ಹಾಕಿಸಿಕೊಳ್ಳಲು ಕಾರಣ ಕಾಣುವುದಿಲ್ಲ. ಒಪ್ಪಿಗೆ ಪಡೆದ, ಬೆಳೆಸಿದ ಸೆಲ್ ಬಗ್ಗೆ ಮಾತಾಡಬಹುದು, ಅದೂ ಗ್ರೇಡ್ ಎರಡು ಮೂರರಲ್ಲಿ, ಅದೂ ಬೇರೆಲ್ಲ ನೋಡಿದ ಮೇಲೆ.

ಕಡಿಮೆ ಖರ್ಚಿನ ಇಂಜೆಕ್ಷನ್‌ಗಳು

ಸ್ಟೀರಾಯ್ಡ್ ಅಗ್ಗ. ಮಂಡಿ ಊದಿಕೊಂಡು ನಿದ್ದೆ ಬಾರದಾಗ ಕೆಲವು ವಾರ ನೆಮ್ಮದಿ ಕೊಡುತ್ತದೆ. ಮಗಳ ಮದುವೆ ಮುಂದಿನ ತಿಂಗಳು ಎನ್ನುವವರಿಗೆ ಅಷ್ಟೇ ಸಾಕು. ಮೂರು ತಿಂಗಳಿಗೊಮ್ಮೆ ಎರಡು ವರ್ಷ ಹಾಕಿ ನೋಡಿದ ಒಂದು ಪರೀಕ್ಷೆ 2017ರಲ್ಲಿ ಬಂತು. ಉಪ್ಪುನೀರು ಚುಚ್ಚಿದವರಿಗಿಂತ ನೋವೇನೂ ಕಡಿಮೆಯಾಗಲಿಲ್ಲ, ಕಾರ್ಟಿಲೇಜ್ ಮಾತ್ರ ಜಾಸ್ತಿ ಸವೆಯಿತು. ಆದ್ದರಿಂದ ಇದನ್ನು ಅಭ್ಯಾಸ ಮಾಡಿಕೊಳ್ಳಬಾರದು. ಶುಗರ್ ಇರುವವರಿಗೆ ಇಂಜೆಕ್ಷನ್ ಆದ ಮೇಲೆ ಕೆಲವು ದಿನ ಶುಗರ್ ಏರುತ್ತದೆ, ಮೊದಲೇ ಹೇಳಿರಿ. ಇನ್ನೊಂದು ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಮಂಡಿ ಬದಲಾಯಿಸುವ ಆಪರೇಷನ್ನಿಗೆ ಮೂರು ತಿಂಗಳೊಳಗೆ ಸ್ಟೀರಾಯ್ಡ್ ಹಾಕಿಸಿದ್ದರೆ ಸೋಂಕಿನ ಅಪಾಯ ಹೆಚ್ಚು ಎಂದು ಸರ್ಜನ್‌ಗಳು ಆಪರೇಷನ್ ಮುಂದೂಡುತ್ತಾರೆ.

ಜೆಲ್ ಇಂಜೆಕ್ಷನ್ನಿನ ಉಪಯೋಗ ತೀರಾ ಸಣ್ಣದು. ಅಮೆರಿಕದ ಮೂಳೆ ವೈದ್ಯರ ಸಂಘವೂ ಅದನ್ನು ಎಲ್ಲರಿಗೂ ರೂಢಿಯಾಗಿ ಕೊಡಬೇಡಿ ಎನ್ನುತ್ತದೆ. ಪಿಆರ್‌ಪಿಯನ್ನು ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಉಪ್ಪುನೀರಿನ ಜೊತೆ ಹೋಲಿಸಿದರು. 2021ರಲ್ಲಿ ಬಂದ ಫಲಿತಾಂಶದಲ್ಲಿ ವರ್ಷದ ನಂತರ ನೋವಿನಲ್ಲೂ, ಕಾರ್ಟಿಲೇಜಿನಲ್ಲೂ ಗಣನೀಯ ವ್ಯತ್ಯಾಸ ಸಿಗಲಿಲ್ಲ. ಗಮನಿಸಿ, ಉಪ್ಪುನೀರು ಹಾಕಿಸಿಕೊಂಡವರಿಗೂ ನೋವು ಇಳಿದಿತ್ತು! ಮಂಡಿ ನೋವು ಏರಿಳಿಯುವಂಥದ್ದು. ಜಾಸ್ತಿ ಇದ್ದಾಗ ಡಾಕ್ಟರ ಹತ್ತಿರ ಹೋಗುತ್ತೇವೆ, ಆಮೇಲೆ ಅದು ತಾನಾಗಿ ಸ್ವಲ್ಪ ಇಳಿಯುತ್ತದೆ, ಸೂಜಿಗೆ ಹೆಸರು ಬರುತ್ತದೆ. ‘ನಮ್ಮ ಮಾವನಿಗೆ ಪೂರಾ ವಾಸಿಯಾಯ್ತು’ ಅನ್ನುವ ಮಾತನ್ನು ಅಷ್ಟಕ್ಕೇ ಇಟ್ಟುಕೊಳ್ಳಿ.

ಯಾರಿಗೂ ಇಷ್ಟವಾಗದ ಆಯ್ಕೆ

ಫಿಸಿಯೋಥೆರಪಿ. ಅಮ್ಮನ ಮುಖ ಸಪ್ಪಗಾಯಿತು. ನೋವಿಗೆ ಔಷಧಿ ಕೇಳಿದರೆ ಕಾಲೆತ್ತು ಅಂತಾರೆ ಎಂದು ಗೊಣಗಿದರು.

ಆದರೆ ಇದರ ಪುರಾವೆ ನೋಡಿ. ಅಮೆರಿಕದ ಸೈನಿಕ ಆಸ್ಪತ್ರೆಗಳಲ್ಲಿ 156 ಜನರನ್ನು ಎರಡು ಗುಂಪು ಮಾಡಿ, ಒಬ್ಬರಿಗೆ ಸ್ಟೀರಾಯ್ಡ್, ಇನ್ನೊಬ್ಬರಿಗೆ ಫಿಸಿಯೋಥೆರಪಿ ಕೊಟ್ಟರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ನೋವು ಮತ್ತು ತೊಂದರೆಯನ್ನು 240 ಅಂಕಕ್ಕೆ ಅಳೆದರು, ಅಂಕ ಕಡಿಮೆ ಇದ್ದಷ್ಟೂ ಒಳ್ಳೆಯದು. ವರ್ಷದ ಕೊನೆಗೆ ಸ್ಟೀರಾಯ್ಡಿನವರು ಸರಾಸರಿ 55.8, ವ್ಯಾಯಾಮದವರು 37. ಈಗ ಇದನ್ನು ಮೈಲ್ಸ್ ಪಕ್ಕದಲ್ಲಿಟ್ಟು ನೋಡಿ. ಅಲ್ಲಿ ಸ್ಟೆಮ್ ಸೆಲ್ ಸ್ಟೀರಾಯ್ಡನ್ನು ಸೋಲಿಸಲಿಲ್ಲ, ಇಲ್ಲಿ ವ್ಯಾಯಾಮ ಸೋಲಿಸಿತು. ಎರಡು ಬೇರೆ ಬೇರೆ ಪರೀಕ್ಷೆಗಳನ್ನು ಹೀಗೆ ಜೋಡಿಸಿ ಅಂತಿಮ ತೀರ್ಪು ಕೊಡುವಂತಿಲ್ಲ, ನಿಜ. ಆದರೂ ನನ್ನ ದುಡ್ಡು ಮೊದಲು ಎಲ್ಲಿಗೆ ಹೋಗಬೇಕು ಎಂದು ನನಗೆ ತಿಳಿಯಿತು.

ಅಮ್ಮ ಈಗ ಮಾಡುವುದು ಇಷ್ಟು. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ, ತೊಡೆ ಬಿಗಿಹಿಡಿದು ಹತ್ತು ಎಣಿಸುವುದು. ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು. ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಮೊದಲ ಎರಡು ವಾರ ನೋವು ಜಾಸ್ತಿಯಾಯಿತು, ಬಿಟ್ಟುಬಿಡುತ್ತೇನೆ ಎಂದರು. ಆರನೇ ವಾರಕ್ಕೆ ಎಡಗಾಲಲ್ಲಿ ಮೆಟ್ಟಿಲು ಹತ್ತುವುದು ಹಗುರವಾಯಿತು. ಬಲಗಾಲಿನದು ಅಲ್ಲೇ ನಿಂತಿತು.

ತೂಕದ ಲೆಕ್ಕವೂ ಇದರ ಜೊತೆಗೇ. ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲೆ ಬೀಳುವ ಒತ್ತಡ ಸುಮಾರು ನಾಲ್ಕು ಕೆಜಿಯಷ್ಟು ಕಡಿಮೆಯಾಗುತ್ತದೆ. ಅಮ್ಮ ಇಳಿಸಿದ್ದು ಮೂರು ಕೆಜಿ. ರಾತ್ರಿ ಅನ್ನ ಅರ್ಧ ಮಾಡಿದ್ದು, ಸಂಜೆಯ ಕೋಡುಬಳೆ ಬಿಟ್ಟಿದ್ದು.

ಬಲ ಮಂಡಿಯ ದಾರಿ

ಗ್ರೇಡ್ ನಾಲ್ಕಕ್ಕೆ ಸೂಜಿಗಳ ಚರ್ಚೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಉಳಿದದ್ದೇನೂ ಇಲ್ಲದ ಕಡೆ ‘ಇದ್ದದ್ದು ಉಳಿಸುವ’ ಔಷಧಿ ಏನು ಮಾಡೀತು? ಸ್ಟೆಂಪ್ಯೂಸೆಲ್ ಪರೀಕ್ಷೆಯಲ್ಲಿ ಗ್ರೇಡ್ ನಾಲ್ಕರವರನ್ನು ಸೇರಿಸಿಕೊಂಡೇ ಇರಲಿಲ್ಲ. ಅಂಥ ಮಂಡಿಗೂ ಅದೇ ಬೆಲೆಗೆ ಪ್ಯಾಕೇಜ್ ಕಟ್ಟುವವರ ಧೈರ್ಯ ನೋಡಿ!

ಮಂಡಿ ಬದಲಾವಣೆಯ ಆಪರೇಷನ್ನಿಗೆ ಹೆದರುವವರು ಎರಡು ವಿಷಯ ತಿಳಿದಿರಲಿ. ಹಾಕಿದ ಮಂಡಿ ಹತ್ತು ವರ್ಷಕ್ಕೆ ಹೋಗುತ್ತದೆ ಎಂಬುದು ಹಳೆಯ ಮಾತು. ಬೇರೆ ದೇಶಗಳ ನೋಂದಣಿ ದಾಖಲೆ ಸೇರಿಸಿ 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಲೆಕ್ಕದ ಪ್ರಕಾರ ಪೂರ್ತಿ ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ 82 ಇಪ್ಪತ್ತೈದು ವರ್ಷ ಬಾಳಿದ್ದವು. ಎರಡನೆಯದು ಬೆಲೆ. ಮಂಡಿಯೊಳಗೆ ಕೂರಿಸುವ ಕೋಬಾಲ್ಟ್ ಕ್ರೋಮಿಯಂ ಲೋಹದ ಇಂಪ್ಲಾಂಟಿಗೆ ಮೊದಲು ಸರಾಸರಿ ಒಂದೂವರೆ ಲಕ್ಷದ ಮೇಲಿತ್ತು. 2017ರ ಆಗಸ್ಟಿನಲ್ಲಿ ಕೇಂದ್ರ ಸರ್ಕಾರ ಅದಕ್ಕೆ 54,720 ರೂಪಾಯಿ ಮತ್ತು ಜಿಎಸ್‌ಟಿ ಎಂದು ಮಿತಿ ಹಾಕಿತು. ಆಸ್ಪತ್ರೆಯ ಖರ್ಚು ಬೇರೆ, ಆದರೂ ಬಿಲ್ಲಿನಲ್ಲಿ ಇಂಪ್ಲಾಂಟಿನ ಸಾಲು ಬೇರೆಯಾಗಿ ಕೇಳಿ ನೋಡಿ.

ಅಮ್ಮನ ಬಲ ಮಂಡಿಗೆ ಕಡೆಗೆ ಇದನ್ನೇ ಮಾಡಿಸಿದೆವು. ಆಪರೇಷನ್ ಆದ ಮೇಲಿನ ಆರು ವಾರ ಸುಲಭ ಅಲ್ಲ. ಮಂಡಿ ಮಡಚಿಸುವ ಫಿಸಿಯೋ ಬಂದರೆ ಅಮ್ಮ ದೇವರ ಹೆಸರೆಲ್ಲ ಒಂದೇ ಉಸಿರಿಗೆ ಹೇಳುತ್ತಿದ್ದರು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು ಮತ್ತೆ ಬರಲಿಲ್ಲ, ಬರುತ್ತದೆಂದು ಯಾರೂ ಮಾತು ಕೊಟ್ಟಿರಲೂ ಇಲ್ಲ.

ಮಂಡಿಯ ಹೊರಗೆ

ಇದೇ ಸೆಲ್‌ಗಳು ಬೇರೆ ಕಾಯಿಲೆಗಳಲ್ಲಿ ಎಲ್ಲಿವೆ ಎಂದು ಕೇಳುವವರಿಗೆ ಸಂಕ್ಷೇಪವಾಗಿ ಹೇಳುತ್ತೇನೆ. ಬೀಡಿ, ಸಿಗರೇಟು, ತಂಬಾಕಿನ ಚಟದಿಂದ ಕಾಲಿನ ರಕ್ತನಾಳ ಮುಚ್ಚಿ ಬೆರಳು ಕಪ್ಪಾಗುವ ಬರ್ಗರ್ಸ್ ಕಾಯಿಲೆಗೆ ಸ್ಟೆಂಪ್ಯೂಸೆಲ್ಲಿಗೆ 2016ರಲ್ಲಿ ಸೀಮಿತ ಒಪ್ಪಿಗೆ, 2020ರಲ್ಲಿ ಪೂರ್ತಿ ಒಪ್ಪಿಗೆ ಸಿಕ್ಕಿತು. ಮೀನಖಂಡಕ್ಕೆ ಚುಚ್ಚುತ್ತಾರೆ. ಬೀಡಿ ಬಿಡದೆ ಇದನ್ನು ಹಾಕಿಸಿದರೆ ದುಡ್ಡು ದಂಡ. ಮಜ್ಜೆ ಕಸಿಯ ನಂತರ ದಾನಿಯ ಸೆಲ್‌ಗಳೇ ಮಗುವಿನ ಮೈಮೇಲೆ ತಿರುಗಿಬಿದ್ದು, ಸ್ಟೀರಾಯ್ಡಿಗೂ ಬಗ್ಗದಾಗ ಕೊಡುವ ರಯಾನ್ಸಿಲ್ ಎಂಬುದಕ್ಕೆ ಅಮೆರಿಕ 2024ರ ಡಿಸೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಈ ಜಾತಿಯ ಸೆಲ್ಲಿಗೆ ಅಲ್ಲಿ ಸಿಕ್ಕ ಮೊದಲ ಒಪ್ಪಿಗೆ ಅದು. ಅದೇ ತಿಂಗಳು ಯುರೋಪಿನಲ್ಲಿ ಕ್ರೋನ್ಸ್ ಎಂಬ ಕರುಳಿನ ಕಾಯಿಲೆಯಿಂದ ಗುದದ್ವಾರದ ಹತ್ತಿರ ಆಗುವ ಫಿಸ್ಟುಲಾಕ್ಕೆ 2018ರಿಂದ ಇದ್ದ ಅಲೋಫಿಸೆಲ್ ಮಾರುಕಟ್ಟೆಯಿಂದ ಹೊರಗೆ ಹೋಯಿತು. ದೊಡ್ಡ ಮಟ್ಟದಲ್ಲಿ ಮತ್ತೆ ಪರೀಕ್ಷಿಸಿದಾಗ ಅದರ ಉಪಯೋಗ ಸಾಬೀತಾಗಲಿಲ್ಲ. ಒಪ್ಪಿಗೆ ಸಿಕ್ಕಿತು ಎಂದ ಮಾತ್ರಕ್ಕೆ ಕಥೆ ಮುಗಿಯುವುದಿಲ್ಲ ನೋಡಿ.

ಕೊರಿಯಾದಲ್ಲಿ 2012ರಿಂದ ಕಾರ್ಟಿಸ್ಟೆಮ್ ಎಂಬುದಿದೆ, ಹೊಕ್ಕುಳಬಳ್ಳಿಯ ರಕ್ತದಿಂದ ಮಾಡಿದ್ದು. ಅದು ಸೂಜಿ ಮದ್ದಲ್ಲ. ಆಪರೇಷನ್ ಮಾಡಿ ಕಾರ್ಟಿಲೇಜ್ ಕಿತ್ತುಹೋದ ಜಾಗಕ್ಕೇ ಹಾಕುತ್ತಾರೆ. ‘ಕೊರಿಯಾದಲ್ಲಿ ಬೆಳೆಸ್ತಾರಂತೆ’ ಎಂದು ಯಾರಾದರೂ ಹೇಳಿದರೆ ಅವರು ಹೇಳುತ್ತಿರುವುದು ಬಹುಶಃ ಇದನ್ನೇ. ಅದನ್ನು ತೋರಿಸಿ ಇಲ್ಲಿ ಮಜ್ಜೆಯ ಇಂಜೆಕ್ಷನ್ ಮಾರುವುದು ಸರಿಯಲ್ಲ.

ಹೆರಿಗೆ ವಾರ್ಡಿನಲ್ಲಿ ಹೊಕ್ಕುಳಬಳ್ಳಿ ರಕ್ತ ಇಡಿಸಿ, ಮುಂದೆ ಮನೆಯವರ ಮಂಡಿಗೂ ಬರುತ್ತೆ ಎನ್ನುವ ಏಜೆಂಟರೂ ಸಿಗುತ್ತಾರೆ. ಖಾಸಗಿ ಬ್ಯಾಂಕಿನಲ್ಲಿ ಇಡಿಸುವುದನ್ನು ಆರೋಗ್ಯ ವಿಮೆ ಎಂಬಂತೆ ಪ್ರಚಾರ ಮಾಡಬೇಡಿ ಎಂದು ಭಾರತದ ಮಕ್ಕಳ ವೈದ್ಯರ ಅಕಾಡೆಮಿ 2018ರಲ್ಲೇ ಹೇಳಿದೆ.

ಕಾಗದ ಕೇಳಿ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಕಾಯಿಲೆಗಳಿಗೆ ಮಾಡುವ ಮಜ್ಜೆ ಕಸಿ ಬಿಟ್ಟರೆ ಉಳಿದ ಸ್ಟೆಮ್ ಸೆಲ್ ಬಳಕೆ ಒಪ್ಪಿಗೆ ಪಡೆದ ಪ್ರಯೋಗದ ಒಳಗೇ ನಡೆಯಬೇಕು. 2019ರ ಔಷಧ ನಿಯಮಗಳು ಸ್ಟೆಮ್ ಸೆಲ್ ಉತ್ಪನ್ನಗಳನ್ನು ಹೊಸ ಔಷಧಿ ಎಂದೇ ಎಣಿಸುತ್ತವೆ. ಹಾಗಾಗಿ ನಿಮ್ಮ ಮುಂದೆ ಇಟ್ಟದ್ದು ಎರಡರಲ್ಲಿ ಒಂದಾಗಿರಬೇಕು. ಒಪ್ಪಿಗೆ ಪಡೆದ ಔಷಧಿಯಾದರೆ ಹೆಸರು, ಬ್ಯಾಚ್ ನಂಬರು, ಸೆಲ್ ಎಷ್ಟು ಎಂದು ಬಾಟಲಿಯ ಮೇಲೆ ಇರುತ್ತದೆ, ಫೋಟೊ ತೆಗೆದುಕೊಳ್ಳಿ. ಪ್ರಯೋಗವಾದರೆ ಸಿಟಿಆರ್‌ಐ ಎಂಬ ಸರ್ಕಾರಿ ನೋಂದಣಿಯ ಸಂಖ್ಯೆ ಇರಬೇಕು, ವೆಬ್‌ಸೈಟಿನಲ್ಲಿ ಯಾರು ಬೇಕಾದರೂ ನೋಡಬಹುದು. ಪ್ರಯೋಗದಲ್ಲಿ ಹಾಕುವ ಔಷಧಿಗೆ ನಿಮ್ಮಿಂದ ದುಡ್ಡು ತೆಗೆದುಕೊಳ್ಳುವಂತಿಲ್ಲ. ಅದರಿಂದ ಏನಾದರೂ ತೊಂದರೆಯಾದರೆ ಚಿಕಿತ್ಸೆ ಕೊಡಿಸುವುದು ಪ್ರಯೋಗ ನಡೆಸುವವರ ಹೊಣೆ. ಪ್ರಯೋಗ ಅಂತಲೂ ಹೇಳಿ ರಸೀದಿಯನ್ನೂ ಹರಿದರೆ ಎದ್ದು ಬನ್ನಿ.

ಹಾಕಿಸಿಕೊಂಡರೆ ನಷ್ಟ ಏನು, ದುಡ್ಡು ತಾನೇ ಅನ್ನುವವರಿದ್ದಾರೆ. ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ಹೆಂಗಸರು ಕಣ್ಣಿಗೆ ಸ್ವಂತ ಕೊಬ್ಬಿನ ಸ್ಟೆಮ್ ಸೆಲ್ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡರು. ಹೊಕ್ಕುಳಬಳ್ಳಿ ರಕ್ತದಿಂದ ಮಾಡಿದ, ಒಪ್ಪಿಗೆ ಇಲ್ಲದ ಒಂದು ಉತ್ಪನ್ನದಿಂದ 2018ರಲ್ಲಿ ಅಲ್ಲಿ 12 ಜನರಿಗೆ ಸೋಂಕು ತಗುಲಿ ಆಸ್ಪತ್ರೆ ಸೇರಿದರು. ಅವರಲ್ಲಿ ಕೆಲವರು ಹಾಕಿಸಿಕೊಂಡದ್ದು ಕೀಲಿಗೆ, ನಮ್ಮ ಹಾಗೇ ನೋವಿಗೆಂದು.

ಅಮ್ಮನ ಬಲ ಮಂಡಿ ಬದಲಾಗಿ ಈಗ ಎಂಟು ತಿಂಗಳು. ಕ್ಲಿನಿಕ್ಕಿನವರು ಹಬ್ಬಕ್ಕೆ ಇನ್ನೂ ರಿಯಾಯಿತಿಯ ಮೆಸೇಜು ಕಳಿಸುತ್ತಾರೆ. ಎಡ ಮಂಡಿಗೆ ಟವೆಲ್ ವ್ಯಾಯಾಮ ನಡೆದಿದೆ. ಮುಂದಿನ ವರ್ಷ ನಿಲ್ಲಿಸಿ ಎಕ್ಸ್‌ರೇ ತೆಗೆಸಿ, ಗ್ರೇಡ್ ಮೂರಕ್ಕೆ ನಿಂತು ನೋವು ಜಾಸ್ತಿಯಾಗಿದ್ದರೆ ಒಪ್ಪಿಗೆ ಇರುವ ಆ ಬಾಟಲಿಯ ಬಗ್ಗೆ ಡಾಕ್ಟರ ಹತ್ತಿರ ಕೇಳುವುದೆಂದು ಇಟ್ಟುಕೊಂಡಿದ್ದೇವೆ. ಮೊನ್ನೆ ಅಮ್ಮ ಚಿಕ್ಕಮ್ಮನ ಮನೆಗೆ ಹೋದರು. ಎರಡು ಮಹಡಿ, ಮೂವತ್ತಾರು ಮೆಟ್ಟಿಲು, ನಡುವೆ ಒಂದು ಸಲ ನಿಂತು.